ಸೆಲ್ಟಿಕ್ ಬೇಡ ಅಂದ ಹುಡುಗ ಎಲ್ಲಿಗೆ ಹೋದ?

ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಆಂಡಿ ರಾಬರ್ಟ್‌ಸನ್ ಬಗ್ಗೆ ಬರೆಯುವವರೆಲ್ಲ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನಿಂದ ಶುರು ಮಾಡುತ್ತಾರೆ. ಅವನ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಅದಕ್ಕೂ ಮುಂಚಿನ ನಾಲ್ಕು ವರ್ಷ. ಹದಿನೈದನೇ ವಯಸ್ಸಿಗೆ ಗ್ಲಾಸ್ಗೋದ ದೊಡ್ಡ ಕ್ಲಬ್ ಸೆಲ್ಟಿಕ್‌ನ ಅಕಾಡೆಮಿ ಅವನನ್ನು ಕೈಬಿಟ್ಟಿತು. ಹುಡುಗ ಗಿಡ್ಡ, ಮೈಕಟ್ಟು ಸಾಲದು ಅಂತ. ಅಲ್ಲಿಂದ 2013ರಲ್ಲಿ ಸ್ಕಾಟ್ಲೆಂಡಿನದೇ ಡಂಡಿ ಯುನೈಟೆಡ್ ಕ್ಲಬ್ ಸಂಬಳ ಕೊಟ್ಟು ಕರೆಸಿಕೊಳ್ಳುವ ತನಕ ಅವನು ಎಲ್ಲಿ ಆಡಿದ, ಯಾರು ಆಡಿಸಿದರು? ಗ್ಲಾಸ್ಗೋಗೆ ಬಂದು ನೆಲೆಸಿದ ಮೇಲೆ ನನಗೆ ಇಲ್ಲಿಯವರ ಬಗ್ಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ್ದು ಈ ಪ್ರಶ್ನೆಯ ಉತ್ತರ.

ಊರಲ್ಲಿ ನನ್ನ ಅಕ್ಕನ ಮಗ ಒಬ್ಬನಿದ್ದಾನೆ. ಹದಿನಾರು ವರ್ಷದೊಳಗಿನವರ ಕ್ರಿಕೆಟ್ ಆಯ್ಕೆಗೆ ಹೋದ, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ಆ ವಾರವೇ ಕಿಟ್ ಬ್ಯಾಗ್ ಅಟ್ಟಕ್ಕೆ ಹೋಯಿತು, ಸಂಜೆಗೆ ಟ್ಯೂಷನ್ ಬಂತು. ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಅವನ ಮೇಲೆ ಪ್ರೀತಿಯೇ. ಆದರೆ 'ಆಯ್ಕೆ ಆಗಲಿಲ್ಲ' ಮತ್ತು 'ಇನ್ನು ಆಡಬೇಡ' ಎರಡೂ ಒಂದೇ ಅಂತ ನಾವು ಎಷ್ಟು ಸಲೀಸಾಗಿ ತೀರ್ಮಾನ ಮಾಡಿಬಿಡುತ್ತೇವೆ ಅಲ್ವಾ? ಆ ಹುಡುಗ ಚೆನ್ನಾಗಿ ಓದಿದ, ಇಂಜಿನಿಯರಿಂಗ್ ಸೇರಿದ. ಆಟ ಮಾತ್ರ ಮತ್ತೆ ಆಡಲೇ ಇಲ್ಲ. ಇದು ನನಗೆ ಈಗಲೂ ಬೇಜಾರು.

ರಾಬರ್ಟ್‌ಸನ್ ಹೋದದ್ದು ಕ್ವೀನ್ಸ್ ಪಾರ್ಕ್ ಕ್ಲಬ್ಬಿಗೆ. 1867ರಲ್ಲಿ ಶುರುವಾದ, ಸ್ಕಾಟ್ಲೆಂಡಿನ ಅತ್ಯಂತ ಹಳೆಯ ಫುಟ್‌ಬಾಲ್ ಕ್ಲಬ್. 2019ರ ತನಕ ಅಲ್ಲಿ ಆಟಗಾರರಿಗೆ ಸಂಬಳವೇ ಇರಲಿಲ್ಲ. ವೃತ್ತಿಪರ ತಂಡಗಳ ಜೊತೆ ಅದೇ ಲೀಗ್‌ನಲ್ಲಿ ಆಡುತ್ತಿದ್ದರು, ಆದರೆ ಪುಕ್ಕಟೆ. ಆಟಕ್ಕಾಗಿ ಆಟ ಅನ್ನುವುದು ಕ್ಲಬ್ಬಿನ ಧ್ಯೇಯವಾಕ್ಯ, ನೂರೈವತ್ತು ವರ್ಷ ಅದನ್ನು ನಿಜವಾಗಿಯೂ ಪಾಲಿಸಿದರು. ಆಗ ಅವರ ತವರು ಮೈದಾನ ಹ್ಯಾಂಪ್ಡನ್ ಪಾರ್ಕ್. ಐವತ್ತು ಸಾವಿರ ಸೀಟಿನ ರಾಷ್ಟ್ರೀಯ ಸ್ಟೇಡಿಯಂ. ಅದರಲ್ಲಿ ಶನಿವಾರ ಮಧ್ಯಾಹ್ನ ಕೆಲವೇ ನೂರು ಜನ ಒಂದು ಸ್ಟ್ಯಾಂಡಿನಲ್ಲಿ ಕೂತು ನಾಲ್ಕನೇ ದರ್ಜೆಯ ಮ್ಯಾಚ್ ನೋಡುತ್ತಿದ್ದರು. ಉಳಿದ ಮೂರು ದಿಕ್ಕಿಗೂ ಖಾಲಿ ಕುರ್ಚಿ. ಗೋಲ್‌ಕೀಪರ್ ಕೂಗಿದ್ದು ಆಚೆ ಕಡೆಯ ಸ್ಟ್ಯಾಂಡಿಗೆ ಬಡಿದು ವಾಪಸ್ ಬರುತ್ತಿತ್ತು ಅಂತ ಇಲ್ಲಿಯ ಹಳಬರು ಹೇಳುತ್ತಾರೆ.

ಅದೇ ಸ್ಟೇಡಿಯಂನ ಆಫೀಸಿನಲ್ಲಿ ಕೂತು ರಾಬರ್ಟ್‌ಸನ್ ಫೋನ್ ಎತ್ತುತ್ತಿದ್ದ, ಟಿಕೆಟ್ ಬುಕ್ ಮಾಡಿಕೊಡುತ್ತಿದ್ದ. 2012ರ ಆಗಸ್ಟಿನಲ್ಲಿ, ಹದಿನೆಂಟರ ಹುಡುಗ, ಈ ವಯಸ್ಸಲ್ಲಿ ಕೈಯಲ್ಲಿ ಕಾಸಿಲ್ಲದೆ ಬದುಕೋದು ಕಷ್ಟ, ಒಂದು ಕೆಲಸ ಬೇಕು ಅಂತ ಟ್ವೀಟ್ ಮಾಡಿದ್ದ. ಅದು ಆಮೇಲೆ ತುಂಬ ಪ್ರಸಿದ್ಧವಾಯಿತು. ಜನ ಅದನ್ನು ಹಂಚಿಕೊಂಡು 'ನೋಡಿ, ಎಲ್ಲಿಂದ ಎಲ್ಲಿಗೆ ಬಂದ' ಅನ್ನುತ್ತಾರೆ. ನಾನು ಅದರಲ್ಲಿ ಬೇರೆಯದೇ ನೋಡುತ್ತೇನೆ. ಕಾಸಿಲ್ಲ, ಕೆಲಸ ಹುಡುಕುತ್ತಿದ್ದಾನೆ, ಆದರೂ ಶನಿವಾರ ಆಡುತ್ತಿದ್ದಾನೆ. ಆಟ ಬಿಡು ಅಂತ ಯಾರೂ ಅವನಿಗೆ ಹೇಳಿಲ್ಲ. ಮನೆಯವರು ಒಂದು ವರ್ಷ ನೋಡು, ಆಗದಿದ್ದರೆ ಯೂನಿವರ್ಸಿಟಿಗೆ ಹೋಗು ಅಂದರು. ಅಷ್ಟೇ. ಒಂದು ವರ್ಷ ಕೊಡುವುದು ದೊಡ್ಡ ತ್ಯಾಗ ಏನಲ್ಲ, ನಮ್ಮಲ್ಲೂ ಸಿಇಟಿಗೆ, ನೀಟ್‌ಗೆ ಅಂತ ಎಷ್ಟೋ ಮನೆಯವರು ಕೊಡುತ್ತಾರೆ. ಆಟಕ್ಕೆ ಕೊಡುವುದಿಲ್ಲ.

ಅದೃಷ್ಟವೂ ಕೈ ಹಿಡಿಯಿತು, ಇಲ್ಲ ಅನ್ನುವುದಿಲ್ಲ. ಅದೇ 2012ರಲ್ಲಿ ಗ್ಲಾಸ್ಗೋದ ಇನ್ನೊಂದು ದೊಡ್ಡ ಕ್ಲಬ್ ರೇಂಜರ್ಸ್ ದಿವಾಳಿಯಾಗಿ ಸೀದಾ ನಾಲ್ಕನೇ ದರ್ಜೆಗೆ ಬಂದು ಬಿತ್ತು. ಯಾರೂ ತಿರುಗಿ ನೋಡದ ಲೀಗಿಗೆ ಒಂದೇ ಸಲ ಪತ್ರಕರ್ತರು, ಟಿವಿ, ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಎಲ್ಲ ಬಂದರು. ಆ ಡಿಸೆಂಬರಿನಲ್ಲಿ ಹ್ಯಾಂಪ್ಡನ್‌ನಲ್ಲಿ ರೇಂಜರ್ಸ್ ವಿರುದ್ಧ ಕ್ವೀನ್ಸ್ ಪಾರ್ಕ್ ಆಡಿದಾಗ ಮೂವತ್ತು ಸಾವಿರ ಜನ ಸೇರಿದ್ದರು. ಆದರೆ ಅದೃಷ್ಟ ಬಂದ ದಿನ ಹುಡುಗ ಮೈದಾನದಲ್ಲಿ ಇದ್ದ. ಅಟ್ಟದ ಮೇಲೆ ಬೂಟು ಇಟ್ಟಿದ್ದರೆ ಯಾವ ಸ್ಕೌಟ್ ಬಂದು ಏನು ಮಾಡಬೇಕಿತ್ತು?

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ಹೇಳಿಬಿಡುತ್ತೇನೆ. 2013ರಲ್ಲಿ ಡಂಡಿ ಯುನೈಟೆಡ್. ಒಂದೇ ಸೀಸನ್‌ನಲ್ಲಿ ಸ್ಕಾಟ್ಲೆಂಡಿನ ವರ್ಷದ ಯುವ ಆಟಗಾರ, ರಾಷ್ಟ್ರೀಯ ತಂಡದಲ್ಲಿ ಜಾಗ. 2014ರಲ್ಲಿ 28.5 ಲಕ್ಷ ಪೌಂಡಿಗೆ ಇಂಗ್ಲೆಂಡಿನ ಹಲ್ ಸಿಟಿ ಕ್ಲಬ್. ಅಲ್ಲಿ ಮೂರು ವರ್ಷದಲ್ಲಿ ಎರಡು ಸಲ ತಂಡ ಅಲ್ಲಿಯ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು, ನಡುವೆ ಒಂದು ಸಲ ಮೇಲೆ ಬಂತು. 2017ರಲ್ಲಿ ಲಿವರ್‌ಪೂಲ್ ಅವನನ್ನು ಸುಮಾರು 80 ಲಕ್ಷ ಪೌಂಡಿಗೆ ತಂದಾಗ ಯಾರೂ ಕುಣಿದಾಡಲಿಲ್ಲ. ಮೊದಲ ಕೆಲವು ತಿಂಗಳು ಬೆಂಚಿನಲ್ಲೇ ಕೂತಿದ್ದ. ಡಿಸೆಂಬರಿನಲ್ಲಿ ಅವನ ಜಾಗದಲ್ಲಿ ಆಡುತ್ತಿದ್ದ ಆಲ್ಬರ್ಟೊ ಮೊರೆನೊ ಗಾಯಗೊಂಡ, ಇವನಿಗೆ ಅವಕಾಶ ಸಿಕ್ಕಿತು. ಆಮೇಲೆ ಆ ಲೆಫ್ಟ್ ಬ್ಯಾಕ್ ಜಾಗ, ಅಂದರೆ ಎಡಬದಿಯ ಡಿಫೆಂಡರ್ ಜಾಗ, ವರ್ಷಗಟ್ಟಲೆ ಅವನದೇ.

2018ರ ಜನವರಿ 14ರ ಮ್ಯಾಚ್ ಮಾತ್ರ ಸ್ವಲ್ಪ ನಿಂತು ನೋಡಬೇಕು. ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ. ಲಿವರ್‌ಪೂಲ್ 4-1ರಿಂದ ಮುಂದಿದೆ, ಕಾಲು ಗಂಟೆಯಷ್ಟು ಆಟ ಬಾಕಿ. ಬೇರೆ ಯಾವ ಡಿಫೆಂಡರ್ ಆಗಿದ್ದರೂ ತನ್ನ ಜಾಗದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಇವನು ಚೆಂಡಿನ ಹಿಂದೆ ಓಡಲು ಶುರು ಮಾಡಿದ. ಸಿಟಿಯವರು ಒಬ್ಬ ಇನ್ನೊಬ್ಬನಿಗೆ ಕೊಟ್ಟ, ಇವನು ಅವನ ಹಿಂದೆ. ಅವನು ಮತ್ತೊಬ್ಬನಿಗೆ ಕೊಟ್ಟ, ಇವನು ಅಲ್ಲಿಗೂ ಹೋದ. ಚೆಂಡು ಗೋಲ್‌ಕೀಪರ್ ಎಡರ್ಸನ್ ಹತ್ತಿರ ಹೋಯಿತು, ಇವನು ಪೆನಾಲ್ಟಿ ಬಾಕ್ಸ್ ಒಳಗೂ ನುಗ್ಗಿದ. ಕೊನೆಗೆ ಸಿಟಿಯ ಒಟಮೆಂಡಿಯ ಮೇಲೆ ಫೌಲ್ ಮಾಡಿ ಓಟ ನಿಂತಿತು. ಚೆಂಡು ಸಿಗಲಿಲ್ಲ, ಲೆಕ್ಕಕ್ಕೆ ಏನೂ ಬರಲಿಲ್ಲ. ಇಡೀ ಸ್ಟೇಡಿಯಂ ಎದ್ದು ನಿಂತು ಕೂಗಿತು. ಸಿಟಿ ಆಮೇಲೆ ಇನ್ನೂ ಎರಡು ಗೋಲು ಹೊಡೆದು 4-3 ಮಾಡಿತು, ಆದರೆ ಇಲ್ಲಿ ಜನ ಆ ಮ್ಯಾಚ್ ಅಂದರೆ ಈಗಲೂ ಆ ಓಟದ ಮಾತು ಆಡುತ್ತಾರೆ. ಪುಕ್ಕಟೆ ಆಡಿದ ದಿನಗಳಲ್ಲಿ ಖಾಲಿ ಹ್ಯಾಂಪ್ಡನ್‌ನಲ್ಲಿ ಅವನು ಹೀಗೇ ಓಡಿರಬೇಕು ಅಂತ ನನ್ನ ನಂಬಿಕೆ.

ಅಲ್ಲಿಂದ 2019ರ ಚಾಂಪಿಯನ್ಸ್ ಲೀಗ್, 2020ರಲ್ಲಿ ಮೂವತ್ತು ವರ್ಷದ ನಂತರ ಬಂದ ಲೀಗ್ ಪಟ್ಟ, 2022ರಲ್ಲಿ ಎಫ್‌ಎ ಕಪ್, 2025ರಲ್ಲಿ ಇನ್ನೊಂದು ಲೀಗ್ ಪಟ್ಟ. ಆ 2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು 4-0 ಸೋಲಿಸಿದ ರಾತ್ರಿ ಸುವಾರೆಜ್ ಒದ್ದದ್ದಕ್ಕೆ ಕಾಲು ಹಿಡಿದುಕೊಂಡು ಅರ್ಧಕ್ಕೇ ಹೊರಗೆ ಬಂದ. ಅವನ ಬದಲು ಬಂದ ವೈನಾಲ್ಡಮ್ ಎರಡು ಗೋಲು ಹೊಡೆದ.

ಸ್ಕಾಟಿಷ್ ಜನಕ್ಕೆ ಇದಕ್ಕಿಂತ ದೊಡ್ಡದು ಅವನು ದೇಶದ ನಾಯಕ ಆದದ್ದು. 2018ರ ಸೆಪ್ಟೆಂಬರಿನಲ್ಲಿ, ತಾನು ಫೋನ್ ಎತ್ತುತ್ತಿದ್ದ ಅದೇ ಹ್ಯಾಂಪ್ಡನ್‌ನಲ್ಲಿ, ತೋಳಿಗೆ ಪಟ್ಟಿ ಕಟ್ಟಿಕೊಂಡು ಬೆಲ್ಜಿಯಂ ವಿರುದ್ಧ ಇಳಿದ. 4-0 ಸೋತರು. 1998ರ ನಂತರ ಸ್ಕಾಟ್ಲೆಂಡಿನ ಪುರುಷರ ತಂಡ ಯಾವ ದೊಡ್ಡ ಟೂರ್ನಿಗೂ ಹೋಗಿರಲಿಲ್ಲ. ಇವನ ನಾಯಕತ್ವದಲ್ಲಿ ಎರಡು ಯೂರೋ (ಯುರೋಪಿನ ದೇಶಗಳ ಟೂರ್ನಿ) ಆಡಿದರು. ಮತ್ತೆ 2025ರ ನವೆಂಬರ್ 18ರ ರಾತ್ರಿ ಡೆನ್ಮಾರ್ಕ್ ವಿರುದ್ಧ 4-2 ಗೆದ್ದು ವಿಶ್ವಕಪ್‌ಗೆ ಜಾಗ ಪಡೆದರು. ಮ್ಯಾಕ್‌ಟಾಮಿನೆಯ ಓವರ್‌ಹೆಡ್ ಕಿಕ್, ಕೊನೆಯ ನಿಮಿಷಗಳಲ್ಲಿ ಟಿಯರ್ನಿ, ಆಮೇಲೆ ಮೈದಾನದ ನಡುಗೆರೆಯಿಂದ ಮ್ಯಾಕ್ಲೀನ್ ಹೊಡೆದ ಗೋಲು. ನಮ್ಮ ಬೀದಿಯಲ್ಲಿ ಗುರುತಿಲ್ಲದವರೂ ಅಪ್ಪಿಕೊಳ್ಳುತ್ತಿದ್ದರು. ಮ್ಯಾಚ್ ಮುಗಿದ ಮೇಲೆ ರಾಬರ್ಟ್‌ಸನ್ ಕಣ್ಣೀರು ತುಂಬಿಕೊಂಡು ಆ ಜುಲೈನಲ್ಲಿ ಅಪಘಾತದಲ್ಲಿ ತೀರಿಕೊಂಡ ಲಿವರ್‌ಪೂಲ್ ತಂಡದ ಗೆಳೆಯ ಡಿಯೊಗೊ ಜೋಟಾನನ್ನು ನೆನೆದ. ವಿಶ್ವಕಪ್‌ಗೆ ಹೋಗುವ ಬಗ್ಗೆ ಇಬ್ಬರೂ ಎಷ್ಟೋ ಸಲ ಮಾತಾಡಿಕೊಂಡಿದ್ದರಂತೆ.

ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ. ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ಇಷ್ಟು ಜನಕ್ಕೆ ನಾಲ್ಕು ದರ್ಜೆಯ ರಾಷ್ಟ್ರೀಯ ಲೀಗ್‌ನಲ್ಲಿ 42 ಕ್ಲಬ್ಬುಗಳಿವೆ. ಅದರ ಕೆಳಗೆ ಇನ್ನೂ ಎಷ್ಟೋ ಊರ ತಂಡಗಳು. ಕೆಳಗಿನ ದರ್ಜೆಗಳಲ್ಲಿ ಆಡುವವರಲ್ಲಿ ಹೆಚ್ಚಿನವರಿಗೆ ಹಗಲು ಬೇರೆ ಕೆಲಸ ಇರುತ್ತದೆ. ಎಲೆಕ್ಟ್ರಿಷಿಯನ್, ಮೇಷ್ಟ್ರು, ಡೆಲಿವರಿ ವ್ಯಾನ್ ಓಡಿಸುವವರು. ಮಂಗಳವಾರ, ಗುರುವಾರ ಸಂಜೆ ಪ್ರಾಕ್ಟೀಸ್, ಶನಿವಾರ ಮ್ಯಾಚ್. ದೊಡ್ಡ ಅಕಾಡೆಮಿ ಬೇಡ ಅಂದರೆ ಒಂದು ಬಸ್ಸು ತಪ್ಪಿದ ಹಾಗೆ, ಹಿಂದೆ ಇನ್ನೊಂದು ಬರುತ್ತದೆ. ಕೆಳಗಿನ ದರ್ಜೆಯಲ್ಲಿ ಆಡುವುದಕ್ಕೆ ಯಾರಿಗೂ ನಾಚಿಕೆ ಇಲ್ಲ, ಅಕ್ಕಪಕ್ಕದವರೂ ಹೀಯಾಳಿಸುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಇದೇ. ರಾಬರ್ಟ್‌ಸನ್ ಸ್ಟಾರ್ ಆಗದೇ ಹೋಗಿದ್ದರೂ, ಯೂನಿವರ್ಸಿಟಿ ಮುಗಿಸಿ ಎಲ್ಲೋ ಕೆಲಸ ಹಿಡಿದಿದ್ದರೂ, ಮೂವತ್ತು ದಾಟಿದ ಮೇಲೂ ಶನಿವಾರ ಯಾವುದೋ ತಂಡಕ್ಕೆ ಲೆಫ್ಟ್ ಬ್ಯಾಕ್ ಆಗಿ ಆಡುತ್ತಿದ್ದ. ಅವನ ಹಾಗೇ ಅಕಾಡೆಮಿ ಕೈಬಿಟ್ಟ ಎಷ್ಟೋ ಹುಡುಗರು ಇವತ್ತು ಹಾಗೇ ಇದ್ದಾರೆ. ಅವರ ಕಥೆಯನ್ನು ಯಾರೂ ಬರೆಯುವುದಿಲ್ಲ, ಆದರೆ ಈ ವ್ಯವಸ್ಥೆ ನಿಂತಿರುವುದೇ ಅವರ ಮೇಲೆ.

ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಮೈಕಟ್ಟು ನೋಡಿ ಮಕ್ಕಳನ್ನು ಕೈಬಿಡುವುದು ಇಲ್ಲಿಯೂ ನಡೆಯಿತು, ಅದು ತಪ್ಪು. ಕ್ವೀನ್ಸ್ ಪಾರ್ಕ್ ಕೂಡ ಕೊನೆಗೆ ಸಂಬಳ ಕೊಡುವ ಕ್ಲಬ್ ಆಯಿತು. ಅದಕ್ಕೆ ಕಾರಣಗಳಿವೆ, ನನಗೆ ಮಾತ್ರ ಒಳಗೊಳಗೇ ಬೇಸರ ಇದೆ.

ನಮ್ಮಲ್ಲಿ ಏನೂ ಇರಲಿಲ್ಲ ಅಂದರೂ ಸುಳ್ಳಾಗುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ವಿಶ್ವಕಪ್ ಬಂದರೆ ಆ ಗಲ್ಲಿಗಳ ತುಂಬ ಬ್ರೆಜಿಲ್ ಬಾವುಟ. ಆಸ್ಟಿನ್ ಟೌನ್ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವ ಅಗತ್ಯವೇ ಇಲ್ಲ. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ತಂಡಗಳು ಆಟಗಾರನಿಗೆ ಕೆಲಸ ಕೊಟ್ಟು ಆಡಿಸಿದವು. ಬೆಳಿಗ್ಗೆ ಡ್ಯೂಟಿ, ಸಂಜೆ ಮೈದಾನ, ಆಟ ನಿಂತ ಮೇಲೂ ಪಿಂಚಣಿ. ಗ್ಲಾಸ್ಗೋದವರಿಗೆ ಇದನ್ನು ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ, ಯಾಕೆಂದರೆ ಆಟಗಾರನ ಹೊಟ್ಟೆಪಾಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲಿಯೂ ಇರಲಿಲ್ಲ. ಅಂಥದ್ದನ್ನು ಉಳಿಸಿ ಬೆಳೆಸಬೇಕಿತ್ತು. ನಾವು ಅದನ್ನು ಸುಮ್ನೆ ಸೊರಗಲು ಬಿಟ್ಟೆವು.

2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಅನ್ನುವ ಹೆಸರಿನಲ್ಲಿ ಕೊನೆಯ ಸಲ ಗೆದ್ದು 54 ವರ್ಷ ಆಗಿತ್ತು. ನಾನು ಇಲ್ಲಿ ಕೂತು ಖುಷಿಯಿಂದ ಊರಿನ ಗೆಳೆಯರಿಗೆಲ್ಲ ಮೆಸೇಜ್ ಹಾಕಿದೆ, ಹೆಚ್ಚಿನವರಿಗೆ ವಿಷಯವೇ ಗೊತ್ತಿರಲಿಲ್ಲ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದದ್ದು 2014ರಲ್ಲಿ. ಕೆಳಗಿನ ಲೀಗ್ ಗೆದ್ದು ಅದರೊಳಗೆ ಒಂದು ತಂಡ ಬರುವುದಕ್ಕೆ 2023 ಆಗಬೇಕಾಯಿತು. ಮೇಲಿನದು ಮೇಲೆ, ಕೆಳಗಿನದು ಕೆಳಗೆ, ನಡುವೆ ಮೆಟ್ಟಿಲು ಇಲ್ಲ ಅಂದರೆ ಹದಿನೈದಕ್ಕೆ ಅಕಾಡೆಮಿ ಕೈಬಿಟ್ಟ ಹುಡುಗ ಯಾವ ಆಸೆ ಇಟ್ಟುಕೊಂಡು ಆಡಬೇಕು ಹೇಳಿ?

ಬೆಂಗಳೂರಿನ ಜಿಲ್ಲಾ ಲೀಗ್ ಈಗಲೂ ನಡೆಯುತ್ತದೆ. ಸೂಪರ್ ಡಿವಿಷನ್ ಇದೆ, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳೂ ಇವೆ. ಅಂದರೆ ಕ್ವೀನ್ಸ್ ಪಾರ್ಕ್ ಥರದ ಜಾಗ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಅಲ್ಲಿಗೆ ಹೋಗಿ ಕೂರುವ ಕೆಲವು ನೂರು ಜನ ಇಲ್ಲ. ಮಗನನ್ನು ಅಕಾಡೆಮಿ ಬೇಡ ಅಂದ ಮರುದಿನ ಅವನನ್ನು ಸಿ ಡಿವಿಷನ್ ತಂಡದ ಕೋಚ್ ಹತ್ತಿರ ಕರೆದುಕೊಂಡು ಹೋಗುವ ಅಪ್ಪ ಇಲ್ಲ. ನಮ್ಮ ಅಪಾರ್ಟ್‌ಮೆಂಟುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಲಿವರ್‌ಪೂಲ್ ಬಗ್ಗೆ ಮಧ್ಯರಾತ್ರಿ ತನಕ ಜಗಳ ಆಡುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಇವತ್ತು ಸಂಜೆ ಒಂದು ಮ್ಯಾಚ್ ಇರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಲೆಫ್ಟ್ ಬ್ಯಾಕ್ ಯಾರು, ಹಗಲು ಏನು ಕೆಲಸ ಮಾಡುತ್ತಾನೆ, ಕೇಳಿ. ಆಟ ಮುಗಿದ ಮೇಲೆ ಅವನ ಜೊತೆ ಎರಡು ಮಾತಾಡಿ.