ಲೆಕ್ಕದಲ್ಲಿ ನನ್ನ ತಂಗಿಗೆ ಕೆಲಸ ಸಿಕ್ಕಿದೆಯಂತೆ

ಹೋದ ವಾರ ನಮ್ಮೂರಿಗೆ ಮತ್ತೆ ಮೈಕ್ ಕಟ್ಟಿದ ಆಟೋ ಬಂತು. ಉಚಿತ ತರಬೇತಿ, ಸರ್ಕಾರಿ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ ಅಂತ ಕೂಗಿಕೊಂಡು ಹೋಯಿತು. ಚಿಕ್ಕಮ್ಮನ ಮಗಳು ಓಡಿ ಹೋಗಿ ಫಾರ್ಮ್ ತಂದಳು. ನನಗೆ ಮೈಯೆಲ್ಲ ಉರಿದು ಹೋಯಿತು.

2019ರಲ್ಲಿ ಇದೇ ಮಾತು ನಂಬಿ ನನ್ನ ತಂಗಿ ಹೊಲಿಗೆ ತರಬೇತಿಗೆ ಸೇರಿದ್ದಳು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ. ಪಿಯುಸಿ ಮುಗಿದಿತ್ತು, ಮುಂದೆ ಓದಿಸಲು ನಮ್ಮ ಕೈಲಾಗಲಿಲ್ಲ. ಕೋರ್ಸ್ ಫ್ರೀ, ನಿಜ. ಆದರೆ ದಿನಾ ತಾಲೂಕಿಗೆ ಹೋಗಿಬರುವ ಬಸ್ ಚಾರ್ಜ್ ನಮ್ಮದೇ. ಅಮ್ಮ ಕೂಲಿ ದುಡ್ಡಲ್ಲಿ ಎತ್ತಿಟ್ಟು ಕೊಡುತ್ತಿದ್ದಳು.

ಮೂವತ್ತು ಹುಡುಗಿಯರಿಗೆ ಎಂಟು ಮೆಷಿನ್. ಅದರಲ್ಲಿ ಎರಡು ಕೆಟ್ಟು ಕೂತಿದ್ದವು. ಬೆಳಿಗ್ಗೆ ಬೆರಳು ಒತ್ತಿದರೆ ಹಾಜರಿ ಆಯಿತು. ಸರದಿ ಬರುವಷ್ಟರಲ್ಲಿ ಮಧ್ಯಾಹ್ನ. ತಪಾಸಣೆಗೆ ಬರ್ತಾರೆ ಅಂದ ದಿನ ಮಾತ್ರ ಎಲ್ಲಿಂದಲೋ ಟೆಂಪೋದಲ್ಲಿ ಹನ್ನೆರಡು ಮೆಷಿನ್ ಬಂದವು. ಸಂಜೆ ಅದೇ ಟೆಂಪೋದಲ್ಲಿ ವಾಪಸ್ ಹೋದವು.

ಆದರೂ ತಂಗಿ ಹಟ ಹಿಡಿದು ಕಲಿತಳು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದ್ದಾಗ ಮೆಷಿನ್ ಹಿಡಿದು ಕಾಲರ್ ಹೊಲಿಯುತ್ತಿದ್ದಳು. ಪರೀಕ್ಷೆ ಪಾಸಾದಳು. ಸರ್ಟಿಫಿಕೇಟ್ ಕೊಡುವ ದಿನ ಎಲ್ಲರ ಕೈಗೂ ಒಂದೊಂದು ಆಫರ್ ಲೆಟರ್ ಕೊಟ್ಟು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಫೋಟೋ ಆದ ಮೇಲೆ ಲೆಟರ್ ವಾಪಸ್ ಇಸ್ಕೊಂಡರು! ಎರಡು ತಿಂಗಳು ಬಿಟ್ಟು ಒಂದು ಫೋನ್. "ಯಾರಾದರೂ ಕೇಳಿದರೆ ಗಾರ್ಮೆಂಟ್ಸ್‌ಗೆ ಹೋಗ್ತಿದ್ದೀನಿ ಅನ್ನಮ್ಮ, ಇಲ್ಲಾಂದ್ರೆ ನಿನ್ನ ಸರ್ಟಿಫಿಕೇಟ್ ಕ್ಯಾನ್ಸಲ್ ಆಗುತ್ತೆ." ಹತ್ತೊಂಬತ್ತು ವರ್ಷದ ಹುಡುಗಿ. ಹೆದರಿ ಹಾಗೇ ಅಂದಳು.

ಯಾಕೆ ಹೀಗೆ ಮಾಡಿಸಿದರು ಅಂತ ನನಗೆ ಆಮೇಲೆ ಗೊತ್ತಾಯಿತು. ಆಗಿನ ನಿಯಮದಲ್ಲಿ ತರಬೇತಿ ಕೊಡುವವರಿಗೆ ಸರ್ಕಾರದ ದುಡ್ಡು ಮೂರು ಕಂತಿನಲ್ಲಿ ಬರುತ್ತಿತ್ತು. ಬ್ಯಾಚ್ ಶುರುವಾದಾಗ ಶೇ. 30, ಮಕ್ಕಳು ಪಾಸಾದಾಗ ಶೇ. 50. ಕೆಲಸ ಕೊಡಿಸಿದ್ದಕ್ಕೆ ಉಳಿದ ಶೇ. 20. ಅಂದರೆ ಒಬ್ಬರಿಗೂ ಕೆಲಸ ಸಿಗದಿದ್ದರೂ ಮುಕ್ಕಾಲಿಗಿಂತ ಜಾಸ್ತಿ ದುಡ್ಡು ಕೈ ಸೇರುತ್ತದೆ. ಉಳಿದದ್ದಕ್ಕೆ ಒಂದು ಫೋಟೋ, ಒಂದು ಫೋನು.

ಪಾಸಾದವರಿಗೆ 500 ರೂಪಾಯಿ ಖಾತೆಗೆ ಬರಬೇಕಿತ್ತು. ತಂಗಿ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಮೂರು ಸಲ ಹೋದಳು. ಬಂದಿರಲೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಖರ್ಚುವೆಚ್ಚದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ) ವರದಿಯ ಸುದ್ದಿ ಓದಿದಾಗ ಕಣ್ಣಲ್ಲಿ ನೀರು ಬಂತು. ಈ ಯೋಜನೆಯಲ್ಲಿ ತರಬೇತಿ ಪಡೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಬ್ಯಾಂಕ್ ಖಾತೆಯ ಜಾಗದಲ್ಲಿ ಸರಿಯಾದ ವಿವರವೇ ಇಲ್ಲ. ಖಾಲಿ, ಇಲ್ಲಾಂದ್ರೆ ಸೊನ್ನೆ. ಕೆಲವು ಕಡೆ ಬರೀ ಒಂದು ಒಂದು ಒಂದು ಅಂತ ಒತ್ತಿದ್ದಾರೆ. ನನ್ನ ತಂಗಿಯ ಹೆಸರಿನ ಮುಂದೆ ಏನು ಒತ್ತಿದ್ದರೋ.

ಈಗಿನ ನಾಲ್ಕನೇ ಹಂತದಲ್ಲಂತೂ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ ಮೊದಲಿನ ಹಾಗೆ ಲೆಕ್ಕ ಇಡುವುದನ್ನೇ ಬಿಟ್ಟಿದ್ದಾರೆ. ಅಭ್ಯರ್ಥಿಗಳು ತಮ್ಮ ದಾರಿ ತಾವೇ ಆರಿಸಿಕೊಳ್ಳಲಿ ಅಂತೆ. ಯಾವ ದಾರಿ ಸ್ವಾಮಿ? ನಮ್ಮ ತಾಲೂಕಿನಲ್ಲಿ ಒಂದು ಗಾರ್ಮೆಂಟ್ಸ್ ಇಲ್ಲ. ಇರುವುದು ಒಂದೇ ದಾರಿ, ಪೀಣ್ಯಕ್ಕೆ ಹೋಗುವ ರಾತ್ರಿ ಬಸ್ಸು. ಅಲ್ಲಿ ರೂಮ್ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಏನು ಉಳಿಯುತ್ತೆ? ತರಬೇತಿಗೆ ಕೊಡುವ ಅನುದಾನದಲ್ಲಿ ಒಂದು ಪಾಲು ಇಲ್ಲೇ ಹೊಲಿಗೆ ಘಟಕ ಹಾಕುವವರಿಗೆ ಕೊಟ್ಟಿದ್ದರೆ ಆ ಮೂವತ್ತು ಹುಡುಗಿಯರು ಊರು ಬಿಡಬೇಕಿರಲಿಲ್ಲ ಅಲ್ವಾ?

ತಂಗಿ ಈಗ ಮನೆಯಲ್ಲಿ ಸೀರೆಗೆ ಫಾಲ್ ಹಾಕುತ್ತಾಳೆ, ಕುಚ್ಚು ಕಟ್ಟುತ್ತಾಳೆ. ಆ ಸರ್ಟಿಫಿಕೇಟ್ ಬೀರುವಿನಲ್ಲಿದೆ. ನಿನ್ನೆ ಚಿಕ್ಕಮ್ಮನ ಮಗಳ ಫಾರ್ಮ್ ಹಿಡಿದು ಆ ಕಚೇರಿಗೆ ನಾನೇ ಹೋಗಿದ್ದೆ. ಎಲ್ಲಿ ಕೆಲಸ, ಎಷ್ಟು ಸಂಬಳ, ಬರೆದು ಸೀಲ್ ಹಾಕಿ ಕೊಡಿ ಅಂದೆ. "ಅದೆಲ್ಲ ಆಮೇಲೆ ಸರ್, ಮೊದಲು ಆಧಾರ್ ಕೊಡಿ" ಅಂದರು. ಕೊಡದೆ ಎದ್ದು ಬಂದೆ.