ಹೊಡೆಯದೆ ಕೈ ಇಳಿಸುವ ಕಷ್ಟ

ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ಗೆಳೆಯನೊಬ್ಬ ಅಂದ, "ಹಾರೋ ತಟ್ಟೆ ಹೊಡಿಯೋದು ಖರೇ ಶೂಟಿಂಗ್. ನಿಂತ ಕಾಗದಕ್ಕ ಹೊಡಿಯೋದ್ರಾಗ ಏನದ? ಶರಣಬಸವೇಶ್ವರ ಜಾತ್ರ್ಯಾಗ ನಾವೂ ಬಲೂನ್ ಹೊಡಿತೀವಿ."

ಆ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟ 10 ಮೀಟರ್ ಏರ್ ಪಿಸ್ತೂಲು, ಅಂದ್ರೆ ಹತ್ತು ಮೀಟರ್ ದೂರದ ನಿಂತ ಗುರಿಗೇ ಹೊಡೆಯೋದು.

ಹಾರೋ ತಟ್ಟೆ ಹೊಡೆಯುವ ಟ್ರ್ಯಾಪ್ ಸುಲಭ ಅಂತ ಹೇಳ್ತಿಲ್ಲ. 11 ಸೆಂಟಿಮೀಟರ್ ಅಗಲದ ತಟ್ಟೆ ಎಡಕ್ಕೋ ಬಲಕ್ಕೋ ಹಾರುತ್ತದೆ, ಯಾವ ಕಡೆ ಅಂತ ಮೊದಲೇ ಗೊತ್ತಿರಲ್ಲ. ತಟ್ಟೆ ಹೊಡೆಯುವ ಇನ್ನೊಂದು ಬಗೆ ಸ್ಕೀಟ್‌ನಲ್ಲಂತೂ ತಟ್ಟೆ ಕಾಣಿಸಿದ ಮೇಲೇ ಬಂದೂಕು ಸೊಂಟದಿಂದ ಭುಜಕ್ಕೆ ಬರಬೇಕು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್‌ನಲ್ಲಿ ಒಟ್ಟಿಗೆ ಎರಡು ತಟ್ಟೆ. ಆದರೆ ಅಲ್ಲಿ ಒಂದು ತೋಟಾದಿಂದ ನೂರಾರು ಚರೆ ಹರಡಿಕೊಂಡು ಹೋಗುತ್ತವೆ. ತಟ್ಟೆಯ ಒಂದು ಚೂರು ಕಣ್ಣಿಗೆ ಕಾಣುವಂತೆ ಒಡೆದರೂ ಪಾಯಿಂಟ್ ನಿಮ್ಮದೇ. ಇನ್ನೊಂದು, ಅಲ್ಲಿ ಯೋಚನೆ ಮಾಡೋಕೆ ಟೈಮೇ ಇಲ್ಲ.

ನಿಂತ ಗುರಿಗೆ ಟೈಮ್ ಜಾಸ್ತಿ. ತೊಂದರೆ ಶುರುವಾಗುವುದೇ ಅಲ್ಲಿ. ಅದೇ ಅಥೆನ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ 50 ಮೀಟರ್ ರೈಫಲ್ ಫೈನಲ್‌ನಲ್ಲಿ ಮುಂದಿದ್ದರು. ಕೊನೆಯ ಗುಂಡನ್ನು ಪಕ್ಕದವರ ಗುರಿಗೆ ಹೊಡೆದರು. ಸೊನ್ನೆ. ಚಿನ್ನ ಹೋಯಿತು.

ರೈಫಲ್‌ನ ಕಷ್ಟ ನನಗೆ ಸ್ವಲ್ಪ ಗೊತ್ತು. ಎನ್‌ಸಿಸಿಯಲ್ಲಿ ಮಲಗಿಕೊಂಡು, ಮೊಣಕೈ ನೆಲಕ್ಕೆ ಊರಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದಿದ್ದೇನೆ. 10 ಮೀಟರ್ ಏರ್ ರೈಫಲ್‌ನಲ್ಲಿ ನಿಂತೇ ಹೊಡೆಯಬೇಕು. ಹತ್ತು ಪಾಯಿಂಟ್ ಸಿಗುವ ನಡುವಿನ ಚುಕ್ಕಿ ಬರೀ ಅರ್ಧ ಮಿಲಿಮೀಟರ್! ಅದರ ಜೊತೆ ದಪ್ಪ ಜಾಕೆಟ್, ಪ್ಯಾಂಟು. ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ಕರೆಂಟ್ ಹೋದರೆ ಅದರೊಳಗೆ ಏನಾಗುತ್ತೆ, ಊಹಿಸಿ. ಆದರೂ ಆ ಜಾಕೆಟ್ ಮೈಗೆ ಆಸರೆ. ಎರಡು ಕೈ, ಭುಜ, ಕೆನ್ನೆ ಎಲ್ಲ ಸೇರಿ ರೈಫಲ್ ಹಿಡಿಯುತ್ತವೆ.

ಪಿಸ್ತೂಲಿಗೆ ಒಂದೇ ಕೈ. ಇನ್ನೊಂದು ಕೈ ಸುಮ್ನೆ ಜೇಬಿನಲ್ಲಿ. ಹತ್ತರ ವೃತ್ತ 11.5 ಮಿಲಿಮೀಟರ್, ರೈಫಲ್‌ಗಿಂತ ದೊಡ್ಡದು ನಿಜ. ಆದರೆ ಕೈ ನಡುಗದೆ ಇರಲ್ಲ, ಎಂಥವರದ್ದೂ. 60 ಗುಂಡು, 75 ನಿಮಿಷ. ಒಂದು ಲೀಟರ್ ನೀರಿನ ಬಾಟ್ಲಿ ಹಿಡಿದು ಕೈ ಭುಜದ ಮಟ್ಟಕ್ಕೆ ನೇರ ಚಾಚಿ. ಪಿಸ್ತೂಲಿನ ತೂಕವೂ ಹೆಚ್ಚೂಕಡಿಮೆ ಅಷ್ಟೇ. ಒಂದು ನಿಮಿಷ ಇಟ್ಟು ನೋಡಿ.

ನನ್ನ ಅಣ್ಣನ ಮಗಳು 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಿದ್ದು ನೋಡಿ ಹಠ ಹಿಡಿದು ಪಿಸ್ತೂಲು ಕಲಿಯುತ್ತಿದ್ದಾಳೆ. ಅವಳ ಹಿಂದೆ ಕುಳಿತು ನೋಡುತ್ತೇನೆ. ಗುರಿ ಮಸುಕಾಗಿಯೇ ಇರಬೇಕಂತೆ. ಕಣ್ಣೆಲ್ಲ ಮುಂದಿನ ಸೈಟಿನ ಮೇಲೆ, ಅಂದ್ರೆ ಪಿಸ್ತೂಲಿನ ತುದಿಯಲ್ಲಿರೋ ಗುರಿ ಹಿಡಿಯುವ ಗೂಟದ ಮೇಲೆ, ಅದರ ಎರಡೂ ಪಕ್ಕ ಸಮನಾದ ಬೆಳಕಿನ ಗೀರು. ಟ್ರಿಗರ್ ಎಳೆಯೋದಲ್ಲ, ಮೆಲ್ಲಗೆ ಒತ್ತುತ್ತಾ ಹೋಗೋದು. ಕೈ ಸೋತಿತು ಅನಿಸಿದರೆ ಹೊಡೆಯದೆ ಇಳಿಸಿಬಿಡಬೇಕು. ಎಲ್ಲರೂ ಸೋಲುವುದು ಇಲ್ಲೇ. ಎತ್ತಿದ ಕೈ, ಹೇಗೂ ಎತ್ತಿದ್ದೀನಲ್ಲ, ಹೊಡೆದೇಬಿಡೋಣ ಅನ್ನುತ್ತದೆ.

ಭಾನುವಾರ ಅವಳು ಕೈ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಹಣೆಯ ಬೆವರು ಒರೆಸಿಕೊಂಡು ಮೂರನೇ ಸಲ ಎತ್ತಿದಳು. ಅದನ್ನೂ ಇಳಿಸಿ, ನನ್ನ ಕಡೆ ತಿರುಗಿ, "ಕಾಕಾ, ನೀರು ಕೊಡ್ರಿ" ಅಂದಳು.