ಲೈನ್‌ಬ್ಯಾಕರ್‌ನ ಜಾಗ ಬದಲಿಸಿದರೆ ಆಡುತ್ತಾನಾ? ಆಡುತ್ತಾನೆ, ಅಲೆಸದಿದ್ದರೆ

ಪ್ರತಿ ವರ್ಷ ಜುಲೈ ಕೊನೆಗೆ ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ತಂಡಗಳ ಕ್ಯಾಂಪ್ ಶುರುವಾದ ಕೂಡಲೇ ಒಂದು ಸುದ್ದಿ ಗ್ಯಾರಂಟಿ. ಇಂಥ ತಂಡದವರು ತಮ್ಮ ಲೈನ್‌ಬ್ಯಾಕರ್‌ನ ಎಡ್ಜ್‌ಗೆ, ಅಂದರೆ ಲೈನಿನ ತುದಿಗೆ, ಹಾಕಿ ನೋಡುತ್ತಿದ್ದಾರಂತೆ, ಇನ್ನೊಬ್ಬನನ್ನ ಸೇಫ್ಟಿ ಜಾಗಕ್ಕೆ ಕಳಿಸಿದ್ದಾರಂತೆ. ಆಮೇಲೆ ಫಿಲಡೆಲ್ಫಿಯಾ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಜಗಳ. "ಅವನ ಸೈಜ್ ಸಾಲಲ್ಲ ಗುರು" ಅಂತ ಒಬ್ಬ, "ಸ್ಪೀಡ್ ಎಲ್ಲಿದೆ ಮಾರಾಯ" ಅಂತ ಇನ್ನೊಬ್ಬ. ಎಲ್ಲರೂ ಹುಡುಗನ ಮೈಕಟ್ಟಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ತಕರಾರು ಅಲ್ಲೇ ಇರೋದು. ಎತ್ತರ, ತೂಕ ನೋಡಿಯೇ ತಾನೇ ಅವನನ್ನ ಆರಿಸಿರೋದು? ಅವನಿಗೆ ಒಂದು ಜಾಗ ಕೊಟ್ಟು ಅಲ್ಲೇ ಬಿಟ್ಟರಾ, ಇಲ್ಲಾ ಊರೆಲ್ಲ ಅಲೆಸಿದರಾ ಅನ್ನೋದನ್ನ ಮೊದಲು ಕೇಳಿ.

ಈ ಆಟ ನೋಡದವರಿಗೆ ಎರಡು ಮಾತು. ಇದು ಅಮೆರಿಕದ ಫುಟ್‌ಬಾಲ್. ಡಿಫೆನ್ಸ್‌ನಲ್ಲಿ ಹನ್ನೊಂದು ಜನ. ಮುಂದೆ ಲೈನಿನವರು, ಅವರ ಹಿಂದೆ ನಾಲ್ಕೈದು ಗಜ ಬಿಟ್ಟು ಲೈನ್‌ಬ್ಯಾಕರ್‌ಗಳು, ಅದಕ್ಕೂ ಹಿಂದೆ ಕಾರ್ನರ್ ಮತ್ತು ಸೇಫ್ಟಿ. ನಡುವೆ ನಿಂತ ಲೈನ್‌ಬ್ಯಾಕರ್ ಕೆಲಸ ಮುಕ್ಕಾಲು ಪಾಲು ಕಣ್ಣಿನದು. ಚೆಂಡು ಕೈ ಬದಲಿಸಿದ ಕ್ಷಣ ಎದುರಾಳಿ ಲೈನಿನ ಗಾರ್ಡ್ ಏನು ಮಾಡುತ್ತಾನೆ ನೋಡಬೇಕು. ಗಾರ್ಡ್ ಮುಂದಕ್ಕೆ ನುಗ್ಗಿದರೆ ಓಟ, ಎದ್ದು ಹಿಂದೆ ಸರಿದರೆ ಪಾಸ್, ಪಕ್ಕಕ್ಕೆ ಓಡಿದರೆ ಅವನ ಹಿಂದೆಯೇ ಚೆಂಡು ಬರುತ್ತದೆ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಆದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಸುಮ್ಮನೆ ಚೆಂಡು ಕೊಟ್ಟ ಹಾಗೆ ಮಾಡಿ ಕೊಡದೇ ಇರುತ್ತಾನೆ. ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬಂದರೆ ಮುಗಿಯಿತು, ತಲೆ ಮೇಲಿಂದ ಪಾಸ್ ಹೋಗಿ ಅವನು ಬಿಟ್ಟು ಬಂದ ಜಾಗಕ್ಕೇ ಬೀಳುತ್ತದೆ.

ಎಡ್ಜ್ ರಷರ್ ಪಾಡು ಬೇರೆ. ಲೈನಿನ ತುದಿಯಲ್ಲಿ ನಿಂತಿರುತ್ತಾನೆ, ಚೆಂಡು ಅಲುಗಿದ ಕೂಡಲೇ ಹಾರಬೇಕು, ಎದುರಿಗೆ ನೂರ ನಲವತ್ತು ಕೆಜಿಯ ಟ್ಯಾಕಲ್ (ಎದುರಾಳಿ ಲೈನಿನ ತುದಿಯವನು), ಅವನ ಕೈ ತಪ್ಪಿಸಿ, ಭುಜ ತಗ್ಗಿಸಿ, ಮೂಲೆ ತಿರುಗಿ ಕ್ವಾರ್ಟರ್‌ಬ್ಯಾಕ್ ಹತ್ತಿರ ಹೋಗಬೇಕು. ಮೈಗೆ ನರಕ, ಒಪ್ಪುತ್ತೇನೆ. ಓಟ ಬಂದರೆ ತುದಿ ಬಿಟ್ಟುಕೊಡಬಾರದು ಅನ್ನೋ ಜವಾಬ್ದಾರಿಯೂ ಇದೆ. ಆದರೂ ನೋಡಬೇಕಾದ ವಿಷಯ ಕಮ್ಮಿ. ಹಾಗಾಗಿ ಹಿಂದಿನಿಂದ ಮುಂದಕ್ಕೆ ಬರೋದು ಸುಲಭ, ಮುಂದಿನಿಂದ ಹಿಂದಕ್ಕೆ ಹೋಗೋದು ಕಷ್ಟ. ಇಷ್ಟು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಹೇಗೆ ಮಾಡಬಾರದು ಅಂತ ಕಲಿಯಬೇಕಾದರೆ ಅರಿಜೋನಾ ಕಾರ್ಡಿನಲ್ಸ್ ನೋಡಿ. ಕಾಲೇಜು ಆಟಗಾರರನ್ನ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಐದು ವರ್ಷದ ಒಳಗೆ ಮೂರು ಸಲ ಮೊದಲ ಸುತ್ತಿನಲ್ಲೇ ಇಂಥ ಆಟಗಾರನನ್ನ ತೆಗೆದುಕೊಂಡರು. 2017ರಲ್ಲಿ 13ನೇ ಆಯ್ಕೆ ಹಾಸನ್ ರೆಡಿಕ್, 2020ರಲ್ಲಿ 8ನೇ ಆಯ್ಕೆ ಐಸಾಯಾ ಸಿಮನ್ಸ್, 2021ರಲ್ಲಿ 16ನೇ ಆಯ್ಕೆ ಝೇವನ್ ಕಾಲಿನ್ಸ್. ಮೂವರನ್ನೂ ಲೈನ್‌ಬ್ಯಾಕರ್ ಅಂತ ನಿಲ್ಲಿಸಿದರು, ಮೂವರನ್ನೂ ಆಮೇಲೆ ಬೇರೆ ಕಡೆ ತಳ್ಳಿದರು. ಒಬ್ಬನ ವಿಷಯದಲ್ಲಿ ಹೀಗಾದರೆ ಹುಡುಗನ ಹಣೆಬರಹ ಅನ್ನಬಹುದು. ಮೂವರಿಗೂ ಅದೇ ಕಥೆ ಆದರೆ ಯಾರನ್ನ ಅನ್ನಬೇಕು?

ರೆಡಿಕ್ ನಮ್ಮ ಕಡೆಯವನೇ. ನದಿ ಆಚೆಯ ಕ್ಯಾಮ್ಡನ್ ಊರು, ಓದಿದ್ದು ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿ. ಅಲ್ಲಿ ಅವನು ತುದಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುವ ಹುಡುಗ. ಅರಿಜೋನಾದವರು ಕರೆದುಕೊಂಡು ಹೋಗಿ ನಡುವೆ ನಿಲ್ಲಿಸಿದರು. ಮೇಲಾಗಿ ಮೂರು ವರ್ಷದಲ್ಲಿ ಮೂವರು ಹೆಡ್ ಕೋಚ್. ಏರಿಯನ್ಸ್ ಹೋದರು, ವಿಲ್ಕ್ಸ್ ಬಂದರು, ವಿಲ್ಕ್ಸ್ ಒಂದೇ ವರ್ಷಕ್ಕೆ ಹೋಗಿ ಕಿಂಗ್ಸ್‌ಬರಿ ಬಂದರು. ಪ್ರತಿ ವರ್ಷ ಹೊಸ ಡಿಫೆನ್ಸ್, ಹೊಸ ಭಾಷೆ, ಹೊಸ ಲೆಕ್ಕ. ಕಣ್ಣಿನ ಕೆಲಸ ಕಲಿಯುತ್ತಿರುವವನಿಗೆ ಇದಕ್ಕಿಂತ ಕೆಟ್ಟ ಸ್ಕೂಲ್ ಇರಲಿಕ್ಕಿಲ್ಲ. ಮೂರು ಸೀಸನ್ ಸೇರಿಸಿ ಏಳೂವರೆ ಸ್ಯಾಕ್ (ಚೆಂಡು ಎಸೆಯೋ ಮೊದಲೇ ಕ್ವಾರ್ಟರ್‌ಬ್ಯಾಕ್‌ನ ಬೀಳಿಸೋದು). ಮೊದಲ ಸುತ್ತಿನವರ ಕಾಂಟ್ರಾಕ್ಟ್‌ನಲ್ಲಿ ಐದನೇ ವರ್ಷಕ್ಕೆ ಉಳಿಸಿಕೊಳ್ಳುವ ಅವಕಾಶ ಇರುತ್ತದೆ, ಅದನ್ನೂ ಬೇಡ ಅಂದರು. ಪೇಪರಿನವರೆಲ್ಲ ಸೇರಿ ಬಸ್ಟ್, ಅಂದರೆ ದಂಡ ಆಯ್ಕೆ, ಅಂತ ಹಣೆಪಟ್ಟಿ ಕಟ್ಟಿಬಿಟ್ಟರು.

2020ರಲ್ಲಿ ಅವನನ್ನ ವಾಪಸ್ ತುದಿಗೆ ಕಳಿಸಿದರು. ಅಕ್ಟೋಬರ್‌ನಲ್ಲಿ ಚಾಂಡ್ಲರ್ ಜೋನ್ಸ್‌ಗೆ ಪೆಟ್ಟಾಗಿ ಸೀಸನ್ ಮುಗಿದಾಗ ಇವನಿಗೆ ಪೂರ್ತಿ ಜಾಗ ಸಿಕ್ಕಿತು. ಡಿಸೆಂಬರ್‌ನಲ್ಲಿ ಜೈಂಟ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಐದು ಸ್ಯಾಕ್! ಆ ವರ್ಷ ಒಟ್ಟು ಹನ್ನೆರಡೂವರೆ. ಮುಂದಿನ ವರ್ಷ ಕೆರೊಲಿನಾದಲ್ಲಿ 11, ಅದರ ಮುಂದಿನ ವರ್ಷ ನಮ್ಮ ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ 16. ಮೈ ಅದೇ, ಕಾಲು ಅದೇ, ಆಳು ಅದೇ. ಮೂರು ವರ್ಷ ಅವನ ಕೈಲಿ ಆಗಲ್ಲ ಅಂದುಕೊಂಡಿದ್ದರಲ್ಲ, ಆ ಮೂರು ವರ್ಷದ ದುಡ್ಡು, ಹೆಸರು ಅವನಿಗೆ ಯಾರು ವಾಪಸ್ ಕೊಡುತ್ತಾರೆ?

ಸಿಮನ್ಸ್ ಕಥೆ ಕೇಳಿದರೆ ಇನ್ನೂ ಬೇಜಾರು. ಆರು ಅಡಿ ನಾಲ್ಕಿಂಚು ಎತ್ತರ, ನೂರ ಎಂಟು ಕೆಜಿ, ನಲವತ್ತು ಗಜ ಓಡಿದ್ದು 4.39 ಸೆಕೆಂಡಿನಲ್ಲಿ. ಕ್ಲೆಮ್ಸನ್ ಯೂನಿವರ್ಸಿಟಿಯಲ್ಲಿ ಲೈನ್‌ಬ್ಯಾಕರ್, ಸೇಫ್ಟಿ, ಕಾರ್ನರ್, ಎಡ್ಜ್ ಎಲ್ಲ ಆಡಿದ್ದ. ಎಲ್ಲರೂ ಇದೇ ದೊಡ್ಡ ಗುಣ ಅಂತ ಹೊಗಳಿದರು. ಎನ್‌ಎಫ್‌ಎಲ್‌ಗೆ ಬಂದ ಮೊದಲ ಪಂದ್ಯದಲ್ಲೇ ಫೋರ್ಟಿ ನೈನರ್ಸ್‌ನ ರಹೀಮ್ ಮೋಸ್ಟರ್ಟ್ ಅವನನ್ನ ಹಿಂದೆ ಹಾಕಿ ಪಾಸ್ ಹಿಡಿದು 76 ಗಜದ ಟಚ್‌ಡೌನ್ ಹೊಡೆದ. ಅಷ್ಟು ವೇಗ ಇರುವ ಆಳು ಹಿಂದೆ ಬಿದ್ದದ್ದು ಕಾಲಿನಿಂದ ಅಲ್ಲ, ಹೊರಡುವಾಗಲೇ ಅರ್ಧ ಹೆಜ್ಜೆ ಯೋಚನೆ ಮಾಡಿದ್ದರಿಂದ ಅಂತ ನನ್ನ ಅಂದಾಜು. ಇವತ್ತು ಒಳಗೆ, ನಾಳೆ ಸ್ಲಾಟ್‌ನಲ್ಲಿ (ಒಳಗಡೆ ನಿಲ್ಲುವ ರಿಸೀವರ್ ಎದುರು), ನಾಡಿದ್ದು ತುದಿಯಲ್ಲಿ. ಆಮೇಲೆ ಹೊಸ ಕೋಚ್ ಬಂದು 2023ರಲ್ಲಿ ಪೂರ್ತಿ ಸೇಫ್ಟಿ ಮಾಡುತ್ತೇವೆ ಅಂದರು, ಆಗಸ್ಟ್ ಹೊತ್ತಿಗೆ ಕೊನೆಯದಾದ ಏಳನೇ ಸುತ್ತಿನ ಒಂದು ಆಯ್ಕೆಗೆ ಜೈಂಟ್ಸ್‌ಗೆ ಕೊಟ್ಟುಬಿಟ್ಟರು. ಎಂಟನೇ ಆಯ್ಕೆ ಆಗಿದ್ದವನು, ಏಳನೇ ಸುತ್ತಿಗೆ. ಹೆಚ್ಚುಕಮ್ಮಿ ಪುಕ್ಕಟೆ.

ಕಾಲಿನ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಡುವಿನ ಲೈನ್‌ಬ್ಯಾಕರ್ ಅಂತ ಬಂದ, 2023ರಲ್ಲಿ ಎಡ್ಜ್ ಆದ. ಉಪಯೋಗಕ್ಕೆ ಬರುವ ಆಟಗಾರ, ಆದರೆ ಹದಿನಾರನೇ ಆಯ್ಕೆಗೆ ಅಷ್ಟೇ ಸಾಕಾ?

ಈಗ ಮೈಕಾ ಪಾರ್ಸನ್ಸ್. ಈಗಲ್ಸ್ ಅಭಿಮಾನಿಗೆ ಈ ಹೆಸರು ಬರೆಯೋದೇ ಹೊಟ್ಟೆ ಉರಿ, ಯಾಕಂದರೆ 2021ರ ಡ್ರಾಫ್ಟ್‌ನಲ್ಲಿ ಡಲ್ಲಸ್ ಜೊತೆ ಜಾಗ ಅದಲುಬದಲು ಮಾಡಿಕೊಂಡಿದ್ದು ನಾವೇ. ನಮಗೆ 10ನೇ ಆಯ್ಕೆಯಲ್ಲಿ ಡೆವಾಂಟಾ ಸ್ಮಿತ್ ಸಿಕ್ಕ, ಅವರಿಗೆ 12ರಲ್ಲಿ ಪಾರ್ಸನ್ಸ್. ಪೆನ್ ಸ್ಟೇಟ್‌ನ ಲೈನ್‌ಬ್ಯಾಕರ್ ಅಂತಲೇ ತೆಗೆದುಕೊಂಡಿದ್ದು. ಎರಡನೇ ವಾರದ ಪಂದ್ಯಕ್ಕೆ ಮುಂಚೆ ಪ್ರಾಕ್ಟೀಸ್‌ನಲ್ಲಿ ಡಿಮಾರ್ಕಸ್ ಲಾರೆನ್ಸ್ ಪಾದದ ಮೂಳೆ ಮುರಿಯಿತು, ರ‍್ಯಾಂಡಿ ಗ್ರೆಗರಿಗೆ ಕೋವಿಡ್. ತುದಿಯಲ್ಲಿ ನಿಲ್ಲಲು ಜನ ಇಲ್ಲ. ಡಲ್ಲಸ್‌ನ ಡಿಫೆನ್ಸ್ ಕೋಚ್ ಡ್ಯಾನ್ ಕ್ವಿನ್ ಈ ಹುಡುಗನನ್ನ ಅಲ್ಲಿ ನಿಲ್ಲಿಸಿದರು, ಲಾಸ್ ಏಂಜಲಿಸ್‌ನಲ್ಲಿ ಚಾರ್ಜರ್ಸ್ ವಿರುದ್ಧ ಪಂದ್ಯ ಗೆದ್ದರು. ಆ ವರ್ಷ 13 ಸ್ಯಾಕ್. ಡಲ್ಲಸ್‌ನಲ್ಲಿ ಆಡಿದ ನಾಲ್ಕೂ ವರ್ಷ ಹನ್ನೆರಡಕ್ಕೆ ಕಮ್ಮಿ ಇಲ್ಲ. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಕೈಗೆ ಗ್ಲೌಸ್ ಕೊಟ್ಟಿದ್ದು ಅವರು ದೇಶದ ಬೆಸ್ಟ್ ಕೀಪರ್ ಅಂತಲ್ಲವಲ್ಲ, ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಿತ್ತು. ಇಲ್ಲೂ ಹಾಗೆಯೇ, ತಂಡದ ಗರಜು ಮೊದಲು ಬಂತು, ಹುಡುಗನ ಪ್ರತಿಭೆ ಆಮೇಲೆ ಗೊತ್ತಾಯಿತು.

ಒಂದು ವಿಷಯ ಮರೆಯಬೇಡಿ. ಪಾರ್ಸನ್ಸ್ ಹೈಸ್ಕೂಲಿನಲ್ಲಿ ಡಿಫೆನ್ಸಿವ್ ಎಂಡ್ ಆಗಿ ಹೆಸರು ಮಾಡಿದವನು, ಲೈನ್‌ಬ್ಯಾಕರ್ ಮಾಡಿದ್ದು ಕಾಲೇಜಿನವರು. ರೆಡಿಕ್ ಕೂಡ ತನ್ನ ಹಳೇ ಜಾಗಕ್ಕೇ ವಾಪಸ್ ಬಂದವನು. ಹಾಗಾಗಿ ನಾನು ಯಾರ ಜಾಗ ಬದಲಾದರೂ ಮೊದಲು ಹುಡುಕೋದು ಅವನು ಹದಿನೇಳನೇ ವಯಸ್ಸಿನಲ್ಲಿ ಎಲ್ಲಿ ನಿಂತಿದ್ದ ಅಂತ. ಬ್ರಯನ್ ಅರ್ಲಾಕರ್ ಗೊತ್ತಲ್ಲ? ಶಿಕಾಗೋ ಬೇರ್ಸ್‌ನ ನಡುವಿನ ಲೈನ್‌ಬ್ಯಾಕರ್, 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದವನು. ನ್ಯೂ ಮೆಕ್ಸಿಕೋ ಯೂನಿವರ್ಸಿಟಿಯಲ್ಲಿ ಸೇಫ್ಟಿ ತರಹ ಆಡುತ್ತಿದ್ದ. 2000ದಲ್ಲಿ ಬೇರ್ಸ್ ಮೊದಲು ಪಕ್ಕದ ಲೈನ್‌ಬ್ಯಾಕರ್ ಮಾಡಿ ನೋಡಿದರು, ಸರಿ ಬರಲಿಲ್ಲ. ನಡುವಿನಲ್ಲಿದ್ದ ಬ್ಯಾರಿ ಮಿಂಟರ್‌ಗೆ ಪೆಟ್ಟಾಗಿ ಅಲ್ಲಿಗೆ ಕಳಿಸಿದರು, ಆಮೇಲೆ ಹದಿಮೂರು ವರ್ಷ ಆ ಜಾಗ ಬಿಡಲಿಲ್ಲ. ಹಿಂದೆ ನಿಂತು ಪೂರ್ತಿ ಮೈದಾನ ನೋಡಿ ಅಭ್ಯಾಸ ಇದ್ದವನು, ಎರಡು ಹೆಜ್ಜೆ ಮುಂದೆ ಬಂದ, ಅಷ್ಟೇ.

ದುಡ್ಡಿನ ಮಾತೂ ಆಡಲೇಬೇಕು, ಯಾರೂ ಆಡೋದಿಲ್ಲ. 2025ರ ಆಗಸ್ಟ್‌ನಲ್ಲಿ ಪಾರ್ಸನ್ಸ್ ಗ್ರೀನ್ ಬೇ ತಂಡಕ್ಕೆ ಹೋದಾಗ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್, ಅಂದರೆ ವರ್ಷಕ್ಕೆ 4.7 ಕೋಟಿ. ಅದೇ ವರ್ಷ ಫ್ರೆಡ್ ವಾರ್ನರ್‌ಗೆ, ಈ ತಲೆಮಾರಿನ ಅತಿ ಒಳ್ಳೆಯ ಲೈನ್‌ಬ್ಯಾಕರ್‌ಗೆ, ವರ್ಷಕ್ಕೆ 2.1 ಕೋಟಿ. ಅರ್ಧವೂ ಇಲ್ಲ. ಇದನ್ನ ನೋಡಿದ ಇಪ್ಪತ್ತು ವರ್ಷದ ಯಾವ ಹುಡುಗ ತಾನೇ ನಡುವೆ ನಿಲ್ಲುತ್ತೇನೆ ಅಂತಾನೆ? ಪೆನ್ ಸ್ಟೇಟ್‌ನ ಅಬ್ದುಲ್ ಕಾರ್ಟರ್ ಎರಡು ವರ್ಷ ಲೈನ್‌ಬ್ಯಾಕರ್ ಆಡಿ, 2024ರಲ್ಲಿ ಎಡ್ಜ್‌ಗೆ ಬಂದು 12 ಸ್ಯಾಕ್ ಮಾಡಿ, ಡ್ರಾಫ್ಟ್‌ನಲ್ಲಿ ಮೂರನೇ ಆಯ್ಕೆ ಆಗಿ ಹೋದ. ಬುದ್ಧಿವಂತ. ಯಾರ ಪೆಟ್ಟಿಗೂ ಕಾಯಲಿಲ್ಲ.

ಹಾಗಂತ ಹಿಂದಕ್ಕೆ ಹೋದವರೆಲ್ಲ ಸೋಲುತ್ತಾರಾ? ಇಲ್ಲ, ಝ್ಯಾಕ್ ಬಾನ್ ಇದ್ದಾನಲ್ಲ. ವಿಸ್ಕಾನ್ಸಿನ್‌ನಲ್ಲಿ ಎಡ್ಜ್, 2020ರಲ್ಲಿ ಮೂರನೇ ಸುತ್ತಿನಲ್ಲಿ ನ್ಯೂ ಓರ್ಲಿಯನ್ಸ್ ಸೇಂಟ್ಸ್‌ಗೆ ಹೋದ. ನಾಲ್ಕು ವರ್ಷ ಅಲ್ಲಿದ್ದ. ಹೆಚ್ಚಿನ ಕೆಲಸ ಸ್ಪೆಷಲ್ ಟೀಮ್ಸ್‌ನಲ್ಲಿ, ಕಿಕ್ ಆದ ಮೇಲೆ ಓಡಿ ಹೋಗಿ ಗುದ್ದೋದು. 2024ರ ಮಾರ್ಚ್‌ನಲ್ಲಿ ಈಗಲ್ಸ್ 35 ಲಕ್ಷ ಡಾಲರ್‌ಗೆ ಒಂದು ವರ್ಷಕ್ಕೆ ಕರೆಸಿದಾಗ ನಮ್ಮ ಗುಂಪಿನಲ್ಲಿ ಯಾರೂ ಒಂದು ಥಂಬ್ಸ್ ಅಪ್ ಕೂಡ ಹಾಕಲಿಲ್ಲ. ಈಗಲ್ಸ್‌ನ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಅವನನ್ನ ತುದಿಯಿಂದ ಎತ್ತಿ ನಡುವೆ ಇಟ್ಟರು. ಇಟ್ಟಲ್ಲೇ ಬಿಟ್ಟರು. ಆ ವರ್ಷ 151 ಟ್ಯಾಕಲ್ (ಚೆಂಡು ಹಿಡಿದವನನ್ನ ಬೀಳಿಸಿದ್ದು), ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್ ಪ್ರೋದಲ್ಲಿ ಮೊದಲ ತಂಡ. ಹೈಸ್ಕೂಲಿನಲ್ಲಿ ಅವನು ಕ್ವಾರ್ಟರ್‌ಬ್ಯಾಕ್ ಅಂತ ಗೊತ್ತಾದಾಗ ನನಗೆ ಅರ್ಧ ಉತ್ತರ ಸಿಕ್ಕಿತು. ಮೈದಾನ ಪೂರ್ತಿ ನೋಡೋ ಕಣ್ಣು ಮೊದಲೇ ಇತ್ತು, ಯಾರೂ ಕೇಳಿರಲಿಲ್ಲ.

2025ರ ಫೆಬ್ರವರಿ 9ರ ಸೂಪರ್ ಬೌಲ್ (ಲೀಗ್‌ನ ಫೈನಲ್) ನೆನಪಿಸಿಕೊಳ್ಳಿ. ನ್ಯೂ ಓರ್ಲಿಯನ್ಸ್‌ನಲ್ಲಿ, ಅವನು ನಾಲ್ಕು ವರ್ಷ ಬೆಂಚ್ ಕಾದ ಅದೇ ಮೈದಾನದಲ್ಲಿ. ಅವತ್ತು ಫ್ಯಾಂಜಿಯೊ ಬ್ಲಿಟ್ಝ್ (ಲೈನಿನವರ ಜೊತೆ ಇನ್ನಷ್ಟು ಜನರನ್ನ ನುಗ್ಗಿಸೋದು) ಕಳಿಸಲೇ ಇಲ್ಲ, ನಾಲ್ಕು ಜನ ಲೈನಿನವರೇ ಕನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನ ಅಟ್ಟಿಸಿಕೊಂಡು ಹೋದರು, ಲೈನ್‌ಬ್ಯಾಕರ್‌ಗಳು ಹಿಂದೆಯೇ ಉಳಿದರು. ಮೊದಲರ್ಧ ಮುಗಿಯೋಕೆ ಸ್ವಲ್ಪ ಮುಂಚೆ ಒತ್ತಡದಲ್ಲಿ ಮಹೋಮ್ಸ್ ಎಸೆದ ಚೆಂಡಿಗೆ ಬಾನ್ ಅಡ್ಡ ಬಿದ್ದು, ನೆಲಕ್ಕೆ ತಾಗೋ ಮೊದಲು ಕೈ ಒಡ್ಡಿ ಹಿಡಿದ. ಅದರ ಹಿಂದೆಯೇ ಎ ಜೆ ಬ್ರೌನ್ ಟಚ್‌ಡೌನ್, ಹಾಫ್ ಟೈಮ್‌ಗೆ ನಮ್ಮವರು 24-0 ಮುಂದೆ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಬೀಳಿಸೋಕೆ ಓಡುತ್ತಿದ್ದ ಆಳು, ಓಡದೇ ನಿಂತು ಕಾದಿದ್ದಕ್ಕೆ ಆ ಚೆಂಡು ಸಿಕ್ಕಿತು. ಮುಂದಿನ ತಿಂಗಳು ಮೂರು ವರ್ಷಕ್ಕೆ 5.1 ಕೋಟಿ ಡಾಲರ್ ಕಾಂಟ್ರಾಕ್ಟ್.

ಬಾನ್‌ನ ಉದಾಹರಣೆ ಕೊಟ್ಟು ಯಾರನ್ನ ಬೇಕಾದರೂ ಹಿಂದಕ್ಕೆ ಹಾಕಬಹುದು ಅನ್ನೋರಿಗೆ ನನ್ನ ಉತ್ತರ: ಫ್ಯಾಂಜಿಯೊ ತರಹದ ಕೋಚ್, ಪೂರ್ತಿ ಒಂದು ಕ್ಯಾಂಪ್, ಮತ್ತೆ ಒಂದೇ ಜಾಗ ಇದ್ದರೆ ಮಾತ್ರ. ಮೂರರಲ್ಲಿ ಒಂದು ಕಮ್ಮಿ ಆದರೂ ರೆಡಿಕ್‌ನ ಮೊದಲ ಮೂರು ವರ್ಷ ಆಗುತ್ತದೆ.

ಇಷ್ಟೆಲ್ಲ ಬರೆಯೋಕೆ ಕಾರಣ ಜಿಹಾದ್ ಕ್ಯಾಂಪ್‌ಬೆಲ್. ನ್ಯೂಜೆರ್ಸಿ ಹುಡುಗ, ಅಲಬಾಮಾದಲ್ಲಿ ಆಡಿ ಬಂದವನು, 2025ರಲ್ಲಿ ಈಗಲ್ಸ್‌ನ 31ನೇ ಆಯ್ಕೆ. ಬಂದ ದಿನದಿಂದಲೂ ಅಭಿಮಾನಿಗಳಲ್ಲಿ ಅರ್ಧ ಜನ ಅವನನ್ನ ಎಡ್ಜ್ ಮಾಡಿ ಅಂತಾರೆ, ಅರ್ಧ ಜನ ಬಾನ್ ಪಕ್ಕ ಇಡಿ ಅಂತಾರೆ. ಇನ್ನು ಕೆಲವರು ಎರಡೂ ಆಡಿಸಿ, ಮೂರನೇ ಡೌನ್‌ನಲ್ಲಿ (ಸಾಮಾನ್ಯವಾಗಿ ಪಾಸ್ ಬರೋ ಮೂರನೇ ಯತ್ನದಲ್ಲಿ) ತುದಿಗೆ ಕಳಿಸಿ, ಬಾಕಿ ಟೈಮ್ ನಡುವೆ ಇಡಿ ಅಂತ ಪಂಚಾಯ್ತಿ ಮಾಡುತ್ತಾರೆ. ಈ ಮೂರನೇ ಗುಂಪಿನವರ ಮೇಲೆ ನನಗೆ ಸಿಟ್ಟು. ಸಿಮನ್ಸ್‌ಗೂ ಇದೇ ಹೇಳಿದ್ದು ಸ್ವಾಮಿ! ಎಡ್ಜ್ ಅಂದರೆ ಎಡ್ಜ್, ನಡುವೆ ಅಂದರೆ ನಡುವೆ. ನನ್ನ ವೋಟು ನಡುವೆಗೆ, ಯಾಕಂದರೆ ಕಲಿಸೋಕೆ ಫ್ಯಾಂಜಿಯೊ ಇದ್ದಾರೆ, ಪಕ್ಕದಲ್ಲಿ ನೋಡಿ ಕಲಿಯೋಕೆ ಬಾನ್ ಇದ್ದಾನೆ. ಎಡ್ಜ್ ಬೇಕು ಅನ್ನೋರು ಕಾಮೆಂಟ್‌ನಲ್ಲಿ ಬನ್ನಿ. ಸೈಜ್, ಸ್ಪೀಡ್ ಅಂತ ಮಾತ್ರ ಶುರು ಮಾಡಬೇಡಿ.